ಚಿಕ್ಕಪ್ಪನ ನೀರು, ನನ್ನ ಬಾಟ್

ನಮ್ಮ ಚಿಕ್ಕಪ್ಪ ಊರಿಗೆ ನೀರು ಬಿಡುವವನು. ಪಂಚಾಯಿತಿ ಪುಸ್ತಕದಲ್ಲಿ ವಾಟರ್‌ಮ್ಯಾನ್ ಎಂದು ಬರೆದಿದ್ದಾರೆ. ಹದಿನೆಂಟು ವರ್ಷ ಅದೇ ಕೆಲಸ. ಕರೆಂಟು ಬಂದಾಗ ಬೋರ್‌ವೆಲ್ ಮೋಟರ್ ಹಾಕಬೇಕು, ಟ್ಯಾಂಕ್ ತುಂಬಿಸಬೇಕು, ಆಮೇಲೆ ಉದ್ದನೆಯ ಕಬ್ಬಿಣದ ಕೀ ಹಿಡಿದುಕೊಂಡು ಹೋಗಿ ಯಾವ ಬೀದಿಯ ಸರದಿಯೋ ಆ ಬೀದಿಯ ವಾಲ್ವ್ ತಿರುಗಿಸಬೇಕು. ನಮ್ಮೂರು ಮಾಸ್ತಿಯ ಹತ್ತಿರ. ಬೀದಿಗಳು ನಾಲ್ಕು: ಮೇಲಿನ ಬೀದಿ, ಕೆಳಗಿನ ಬೀದಿ, ಸ್ಕೂಲ್ ಬೀದಿ, ಡೈರಿ ಬೀದಿ. ದಿನಕ್ಕೊಂದು ಬೀದಿಗೆ ನೀರು. ನಮ್ಮ ಮನೆ, ಚಿಕ್ಕಪ್ಪನ ಮನೆ ಎರಡೂ ಡೈರಿ ಬೀದಿಯಲ್ಲಿವೆ.

ಎರಡು ವರ್ಷದ ಹಿಂದೆ ಅವನ ಕಿವಿ ಹೋಗುತ್ತಾ ಬಂತು. ಮೋಟರ್ ಸದ್ದಿನಿಂದಲೇ ಹೋಗಿದ್ದು ಎಂದು ಚಿಕ್ಕಮ್ಮ ಹೇಳುತ್ತಾಳೆ. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಿವಿಗೆ ಹಾಕುವ ಮಿಷಿನ್ ಕೊಟ್ಟರು. ಎರಡು ದಿನ ಹಾಕಿಕೊಂಡ. ಪಂಪ್‌ಹೌಸಿಗೆ ಹೋದರೆ ಅದು ಕಿವಿಯೊಳಗೆ ಕೂಗುತ್ತಿತ್ತಂತೆ. ತೆಗೆದು ಡಬ್ಬಿಯಲ್ಲಿಟ್ಟ.

ಕಿವಿ ಕೇಳದಿದ್ದರೂ ವಾಲ್ವ್ ತಿರುಗಿಸುವುದಕ್ಕೆ ತೊಂದರೆಯಿಲ್ಲ. ತೊಂದರೆ ಫೋನಿನಿಂದ ಶುರುವಾಯಿತು. ನೀರು ಯಾವಾಗ ಬರುತ್ತದೆ ಎಂದು ದಿನಕ್ಕೆ ಇಪ್ಪತ್ತು ಮೂವತ್ತು ಜನ ಫೋನ್ ಮಾಡುತ್ತಾರೆ. ಜೇಬಿನಲ್ಲಿ ಅದು ಅಲುಗಾಡಿದರೆ ತೆಗೆಯುತ್ತಿದ್ದ, ಆ ಕಡೆಯವರು ಏನು ಹೇಳುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಎಲ್ಲರಿಗೂ "ಆಯ್ತು, ಆಯ್ತು" ಎನ್ನುತ್ತಿದ್ದ. ಒಂದು ದಿನ ಮೂರು ಬೀದಿಯವರಿಗೂ ಆಯ್ತು ಅಂದ. ಮೂರು ಬೀದಿಯ ಹೆಂಗಸರೂ ಬಿಂದಿಗೆ ಹಿಡಿದು ನಿಂತರು. ನೀರು ಬಂದಿದ್ದು ಒಂದು ಬೀದಿಗೆ.

ನಮ್ಮ ವಾರ್ಡಿನ ಮೆಂಬರ್ ಮನೆಗೇ ಬಂದರು. ಕೆಟ್ಟವರಲ್ಲ. ಕಾಫಿ ಕುಡಿದರು, ಲೋಟ ಕೆಳಗಿಟ್ಟರು, ಆಮೇಲೆ ಹೇಳಿದರು. "ಇನ್ನೊಂದ್ ಸಲ ಕಂಪ್ಲೇಂಟ್ ಬಂದ್ರೆ ಕೀ ಬೇರೆಯೋರ್ಗೆ ಕೊಡ್ಬೇಕಾಗ್ತದೆ ಕಣಯ್ಯ. ನನ್ ಕೈಲಿಲ್ಲ."

ಚಿಕ್ಕಪ್ಪ ಅವರ ಮುಖ ನೋಡಿಕೊಂಡು "ಆಯ್ತು, ಆಯ್ತು" ಅಂದ. ಅವನಿಗೆ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು.

ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಕಿವಿ ಕೇಳದವನಿಗೆ ಕೊಡುವವರೂ ಇಲ್ಲ. ಅದಕ್ಕೇ ನಾನು ಬಾಟ್ ಮಾಡುತ್ತೇನೆ ಎಂದು ಹೊರಟೆ.

ನಾನು ಓದಿದವನಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಫೇಲಾಗಿ ಬಿಟ್ಟೆ. ಮಾಲೂರಿನ ಒಂದು ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ಪ್ಯಾಕಿಂಗ್ ಮಾಡುತ್ತೇನೆ. ಆರರಿಂದ ಎರಡರ ಶಿಫ್ಟು. ಹೋಗುವಾಗ ಬರುವಾಗ ಬಸ್ಸಿನಲ್ಲಿ ವಿಡಿಯೋ ನೋಡಿ ಬಾಟ್ ಮಾಡುವುದನ್ನು ಕಲಿತೆ. ಬಾಟ್ ಎಂದರೆ ಹೆಚ್ಚೇನಲ್ಲ. ಮೆಸೇಜ್ ಆ್ಯಪಿನಲ್ಲಿ ಒಂದು ನಂಬರ್ ಇರುತ್ತದೆ. ಅದಕ್ಕೆ ಯಾರಾದರೂ ಏನಾದರೂ ಬರೆದರೆ ಮನುಷ್ಯನ ಬದಲು ನಾವು ಬರೆದಿಟ್ಟ ಸ್ಕ್ರಿಪ್ಟು ಉತ್ತರ ಕೊಡುತ್ತದೆ. ಈ ಮಾತು ಬಂದರೆ ಈ ಉತ್ತರ ಕೊಡು, ಆ ಮಾತು ಬಂದರೆ ಆ ಉತ್ತರ ಕೊಡು, ಅಷ್ಟೇ.

ಮೊದಲು ಮುಳಬಾಗಿಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಮಾಡಿಕೊಟ್ಟೆ. ಡಿಸ್‌ಪ್ಲೇ ರೆಡಿ ಆಯ್ತಾ ಎಂದು ಕೇಳಿದವರಿಗೆ ಅದು ಉತ್ತರ ಹೇಳಬೇಕು. ಆಮೇಲೆ ಶ್ರೀನಿವಾಸಪುರದ ಕಡೆ ಮಾವಿನ ಸಸಿ ಮಾರುವವರೊಬ್ಬರಿಗೆ ಮಾಡಿದೆ. ಎರಡೂ ಕಡೆ ನನ್ನ ಬಾಟೇ ಇತ್ತಲ್ಲ, ಒಂದು ದಿನ ಗೆಳೆಯ ಸಸಿ ಬೇಕೆಂದು ಅಂಗಡಿಯ ನಂಬರಿನಿಂದಲೇ ಮೆಸೇಜ್ ಹಾಕಿದ. ಸಸಿಯ ಬಾಟು ಧನ್ಯವಾದ ಹೇಳಿತು. ಅಂಗಡಿಯ ಬಾಟು ಅದಕ್ಕೆ ನಮಸ್ಕಾರ ಹೇಳಿತು. ಇದು ಮತ್ತೆ ಧನ್ಯವಾದ, ಅದು ಮತ್ತೆ ನಮಸ್ಕಾರ. ನಾನು ಶಿಫ್ಟಿನಲ್ಲಿದ್ದೆ. ಹೊರಗೆ ಬಂದು ನೋಡುವ ಹೊತ್ತಿಗೆ ಎರಡು ಫೋನೂ ಹ್ಯಾಂಗ್ ಆಗಿದ್ದವು. ಗೆಳೆಯ ಫೋನ್ ಮಾಡಿ, ಲೇ, ಬೀಗರು ಬೀಗರು ಎಲೆ ಮುಂದೆ ಕೂತ್ಕೊಂಡು ನೀವ್ ತಿನ್ನಿ ನೀವ್ ತಿನ್ನಿ ಅಂತಾರಲ್ಲ, ಅಂಥದ್ದೇನ್ಲಾ ಮಾಡಿದ್ದೀಯ ಎಂದು ಬೈದ.

ತಪ್ಪು ಎಲ್ಲಿದೆ ಎಂದು ಹುಡುಕುವುದೇ ಈ ಕೆಲಸದಲ್ಲಿ ಮುಕ್ಕಾಲು ಪಾಲು. ಸ್ಕ್ರಿಪ್ಟು ನಿಂತರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಸಾಲು ಬರುತ್ತದೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಆ ಕೆಂಪು ಸಾಲನ್ನೇ ಕಾಪಿ ಮಾಡಿ ಎಐಗೆ ಹಾಕಿ ಏನು ಮಾಡಲಿ ಎಂದು ಕೇಳುತ್ತೇನೆ. ಅದು ಬೇರೆ ಸಾಲು ಕೊಡುತ್ತದೆ. ಅದನ್ನು ಹಾಕಿದರೆ ಬೇರೆ ಕಡೆ ಕೆಂಪಾಗುತ್ತದೆ. ಕೇಳುವುದಕ್ಕೆ ಯಾರೂ ಇಲ್ಲ. ಗೆಳೆಯನಿಗೆ ನನಗಿಂತ ಕಡಿಮೆ ಗೊತ್ತು. ಒಂದೊಂದು ತಪ್ಪು ಹದಿನೈದು ದಿನ ಕೂತಿರುತ್ತದೆ. ಒಂದು ದಿನ ತಾನಾಗಿಯೇ ಹೋಗುತ್ತದೆ. ಯಾಕೆ ಹೋಯಿತು ಎಂದು ಗೊತ್ತಿರುವುದಿಲ್ಲ, ಅದಕ್ಕೇ ಮತ್ತೆ ಬಂದಾಗ ಏನು ಮಾಡಬೇಕೆಂದೂ ಗೊತ್ತಿರುವುದಿಲ್ಲ.

ನೀರಿನ ಬಾಟಿಗೆ ಮೊದಲು ಬೇಕಾಗಿದ್ದು ಸರದಿಯ ಪಟ್ಟಿ. ಒಂದು ಭಾನುವಾರ ಚಿಕ್ಕಪ್ಪನನ್ನು ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದೆ. ಪ್ರತಿಯೊಂದು ಮಾತನ್ನೂ ಕಿವಿಯ ಹತ್ತಿರ ಹೋಗಿ ಕೂಗಬೇಕು. ಅವನೂ ಕೂಗಿಯೇ ಉತ್ತರ ಹೇಳುತ್ತಾನೆ. ದೂರದಲ್ಲಿ ಹುಲ್ಲು ಕೊಯ್ಯುತ್ತಿದ್ದವರು ನಾವು ಜಗಳ ಆಡುತ್ತಿದ್ದೇವೆ ಎಂದುಕೊಂಡು ಬಂದು ನೋಡಿ ಹೋದರು.

ಡೈರಿ ಬೀದಿ ಆದ ಮೇಲೆ ಯಾವ ಬೀದಿ ಎಂದೆ. ಮೇಲಿನ ಬೀದಿ ಎಂದ. ಮತ್ತೆ ಹೋದ ವಾರ ಸ್ಕೂಲ್ ಬೀದಿಗೆ ಬಿಟ್ಟಿದ್ದೆಯಲ್ಲ ಎಂದೆ. ಅಲ್ಲಿ ಒಂದು ಮನೆಗೆ ಮಗಳು ಹೆರಿಗೆಗೆ ಬಂದಿದ್ದಾಳೆ ಎಂದ. ನಿನಗೆ ಯಾರು ಹೇಳಿದರು ಎಂದರೆ ಯಾರೂ ಹೇಳಲಿಲ್ಲ, ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗುತ್ತಿತ್ತು ಎಂದ. ಅದರ ಹಿಂದಿನ ವಾರ ಡೈರಿ ಬೀದಿಗೆ ಎರಡು ದಿನ ಯಾಕೆ? ಒಬ್ಬರ ಮನೆಯ ಮುಂದೆ ಚಪ್ಪರದ ಕಂಬ ಇಳಿಸಿದ್ದರು. ಮೇಲಿನ ಬೀದಿಗೆ ಒಂದು ದಿನ ತಪ್ಪಿಸಿದ್ದು ಯಾಕೆ? ಅವರಿಗೆಲ್ಲ ಸಂಪು ಇದೆ, ತಡೆಯುತ್ತದೆ. ಕೆಳಗಿನ ಬೀದಿಯವರಿಗೆ ಡ್ರಮ್ಮು ಬಿಂದಿಗೆ ಬಿಟ್ಟರೆ ಏನೂ ಇಲ್ಲ, ಅವರಿಗೆ ತಪ್ಪಿಸಬಾರದು.

ದಿನಾ ಬೆಳಗ್ಗೆ ವಾಲ್ವ್ ತಿರುಗಿಸುವ ಮೊದಲು ನಾಲ್ಕು ಬೀದಿಯನ್ನೂ ಒಂದು ಸುತ್ತು ಸುತ್ತುತ್ತಿದ್ದ. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ನೋಡಿಕೊಂಡು ಬಂದು ಆಮೇಲೆ ನೀರು. ಇದನ್ನು ಸ್ಕ್ರಿಪ್ಟಿನಲ್ಲಿ ಹೇಗೆ ಬರೆಯುವುದು? ಹಗ್ಗದ ಮೇಲೆ ಕೂಸಿನ ಬಟ್ಟೆ ಇದ್ದರೆ ಎಂದು ಬರೆಯಲಾಗುವುದಿಲ್ಲ. ನಾನು ಬರೆದಿದ್ದು ದಿನಕ್ಕೊಂದು ಬೀದಿ, ಅಷ್ಟೇ.

ಬಾಟು ಶುರುವಾದ ಮೇಲೆ ಮೊದಲ ವಾರ ಜನ ಅದನ್ನು ಆಟಕ್ಕೆ ತೆಗೆದುಕೊಂಡರು. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನೀರು ಎಂದು ಬರೆದರೆ ಉತ್ತರ ಬರುತ್ತಿತ್ತು, ನೀಳ್ಳು ಎಂದರೆ ಬರುತ್ತಿರಲಿಲ್ಲ. ಅದನ್ನೂ ಸೇರಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿದ್ದರು, ಅದನ್ನು ಐದಾರು ತರಹ ಸೇರಿಸಿದೆ. ಬರೆಯಲು ಬಾರದವರು ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಕೆಳಗಿನ ಬೀದಿಯ ಒಬ್ಬ ಮುದುಕಿ ಮೊಮ್ಮಗಳ ಫೋನಿನಿಂದ ದಿನಾ ಹಾಕುತ್ತಿದ್ದಳು. ಬಾಟಿಗೆ ಕಿವಿ ಇಲ್ಲ, ಅರ್ಥವಾಗಲಿಲ್ಲ ಎಂದು ಬರೆಯುತ್ತಿತ್ತು. ಮೊಮ್ಮಗಳು ಓದಿ ಹೇಳುತ್ತಿದ್ದಳು. ಒಂದು ದಿನ ಬಾಟಿನ ಹೊಟ್ಟೆಯಲ್ಲಿ ಏನೇನಿದೆ ನೋಡೋಣ ಎಂದು ಮುದುಕಿಯ ಮಾತು ಕೇಳಿಸಿಕೊಂಡೆ.

"ಏಮ್ರಾ ನಾಯ್ನಾ, ನಿಮ್ ಚಿಕ್ಕಪ್ಪನಿಗೇ ಕಿವಿ ಇಲ್ಲ, ಅವನ ಬದ್ಲು ಇಟ್ಟಿರೋ ನಿಂಗೂ ಇಲ್ವಾ? ಎಲ್ಲಾ ಒಂದೇ ಮನೆತನ ಕಣ್ರೋ."

ಒಬ್ಬನೇ ಕೂತು ನಕ್ಕೆ. ಮುದುಕಿಯರಿಗೆಂದು ಎಐ ಜೋಡಿಸಿದರೆ ಸರಿಹೋಗುತ್ತದೆ ಎನಿಸಿತು, ಜೋಡಿಸಿದೆ. ಅದಕ್ಕೆ ವಾಯ್ಸು ಅರ್ಥವಾಯಿತು. ಆದರೆ ಗೊತ್ತಿಲ್ಲ ಎಂದು ಹೇಳುವುದು ಅದಕ್ಕೆ ಬರುವುದಿಲ್ಲ. ಮುದುಕಿಗೆ ಇನ್ನು ಅರ್ಧ ಗಂಟೆಯಲ್ಲಿ ನಮ್ಮ ಸಿಬ್ಬಂದಿ ಟ್ಯಾಂಕರ್ ಕಳಿಸುತ್ತಾರೆ ಎಂದು ಹೇಳಿತು. ಅವಳು ಬಿಸಿಲಿನಲ್ಲಿ ಕಾದು ಕೂತಳು. ಅದೇ ದಿನ ಎಐ ಕಿತ್ತುಹಾಕಿದೆ. ಬರೆದಿಟ್ಟಿದ್ದನ್ನು ಮಾತ್ರ ಹೇಳುವ ಬಾಟೇ ಸಾಕು ಎಂದುಕೊಂಡೆ.

ತಿಂಗಳಾಗುವ ಹೊತ್ತಿಗೆ ಚಿಕ್ಕಪ್ಪನ ಫೋನ್ ಅಲುಗಾಡುವುದು ನಿಂತಿತು. ಕಂಪ್ಲೇಂಟು ನಿಂತಿತು. ಮೆಂಬರ್ ದಾರಿಯಲ್ಲಿ ಸಿಕ್ಕರೆ ನನ್ನ ಬೆನ್ನು ತಟ್ಟುತ್ತಿದ್ದರು. ಪಂಚಾಯಿತಿ ಗೋಡೆಯ ಮೇಲೆ ಬಾಟಿನ ನಂಬರನ್ನು ಪೇಂಟಿನಲ್ಲಿ ಬರೆಸಿದರು. ಚಿಕ್ಕಪ್ಪನ ಕೆಲಸ ಉಳಿಯಿತು ಎಂದುಕೊಂಡೆ.

ಮದುವೆ ಸಾವು ಇದ್ದ ಮನೆಯವರಿಗೆ ಒಂದು ದಾರಿ ಬೇಕಲ್ಲ, ಅದಕ್ಕೆ ವಿಶೇಷ ಎಂಬ ಮಾತು ಸೇರಿಸಿದೆ. ವಿಶೇಷ ಎಂದು ಬರೆದರೆ ಬಾಟು ಯಾವ ಬೀದಿ, ಏನು ವಿಶೇಷ ಎಂದು ಕೇಳುತ್ತದೆ. ಒಂದು ಒತ್ತಿದರೆ ಮದುವೆ, ಎರಡು ಒತ್ತಿದರೆ ನಾಮಕರಣ, ಮೂರು ಒತ್ತಿದರೆ ಸಾವು. ಒತ್ತಿದ ಕೂಡಲೇ ಸರದಿ ತಾನೇ ಬದಲಾಗಿ ಚಿಕ್ಕಪ್ಪನ ಫೋನಿಗೆ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಒಂದೇ ವಾರದಲ್ಲಿ ಸ್ಕೂಲ್ ಬೀದಿಯಲ್ಲಿ ಐದು ನಾಮಕರಣ ಆದವು. ಮೇಲಿನ ಬೀದಿಯವರು ಕೆಳಗಿನ ಬೀದಿಗೆ ಮದುವೆ ಮಾಡಿಸಿದರು. ಅಲ್ಲೊಬ್ಬ ಭಾವಮೈದುನನ ಮನೆ ಇತ್ತು, ಅವನಿಗೆ ನೀರು ಬೇಕಾಗಿತ್ತು. ಡೈರಿ ಬೀದಿಯಿಂದ ಯಾರೋ ಮೂರು ಒತ್ತಿದರು. ಚಿಕ್ಕಪ್ಪ ಹೋಗಿ ನೋಡಿದರೆ ಸತ್ತವರು ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಏನಯ್ಯ ಬಂದೆ ಎಂದು ಕೈ ಮಾಡಿ ಕೇಳಿದರಂತೆ. ನೋಡ್ಕೊಂಡ್ ಹೋಗಣ ಅಂತ ಬಂದೆ ಎಂದನಂತೆ.

ಅದಕ್ಕೆ ಬಿಗಿ ಮಾಡಿದೆ. ಒಂದು ಮನೆಗೆ ತಿಂಗಳಿಗೆ ಒಂದೇ ಸಲ ವಿಶೇಷ. ಎಲ್ಲರ ನಂಬರನ್ನೂ ಬೀದಿವಾರು ರಿಜಿಸ್ಟರ್ ಮಾಡಿಸಿದೆ. ಒಂದು ಬೀದಿಯ ನಂಬರಿನಿಂದ ಒತ್ತಿದರೆ ಮಾತ್ರ ಆ ಬೀದಿಯ ಸರದಿ ಬದಲಾಗಬೇಕು. ಬೇರೆ ಬೀದಿಯ ನಂಬರಾದರೆ, ನಿಮ್ಮ ನಂಬರ್ ಈ ಬೀದಿಯದ್ದಲ್ಲ ಎಂದು ಹೇಳಬೇಕು. ಆ ಸಾಲು ಬರೆದ ದಿನ ನನಗೆ ಖುಷಿಯಾಗಿತ್ತು. ಒಂದೇ ಸಲಕ್ಕೆ ಕೆಂಪು ಬಾರದೆ ಓಡಿದ ಸಾಲು ಅದೊಂದೇ.

ಇಷ್ಟಾದರೂ ಚಿಕ್ಕಪ್ಪ ಮಾತ್ರ ತನ್ನ ಸುತ್ತು ಬಿಟ್ಟಿರಲಿಲ್ಲ. ಒಂದು ದಿನ ಬಾಟಿನಲ್ಲಿ ಮೇಲಿನ ಬೀದಿ ಎಂದಿತ್ತು, ಅವನು ಯಾವುದೋ ಮನೆಯಲ್ಲಿ ಏನೋ ನೋಡಿ ಸ್ಕೂಲ್ ಬೀದಿಗೆ ತಿರುಗಿಸಿದ. ಮೇಲಿನ ಬೀದಿಯವರು ಬಾಟಿಗೆ ಹನ್ನೊಂದು ಮೆಸೇಜ್ ಹಾಕಿದರು. ಮೆಂಬರಿಗೆ ಹೇಳುತ್ತೇವೆ ಎಂದು ಇಬ್ಬರು ಬರೆದರು. ನನಗೆ ಹೆದರಿಕೆಯಾಯಿತು. ಮನೆಗೆ ಹೋಗಿ ಅವನ ಕಿವಿಯ ಹತ್ತಿರ ಕೂಗಿದೆ.

"ಚಿಕ್ಕಪ್ಪ, ಇನ್ಮೇಲೆ ನಿನ್ ತಲೆಗೆ ಬಂದಂಗೆ ತಿರುಗಿಸ್ಬೇಡ. ಫೋನ್‌ನಾಗೆ ಏನ್ ಬರ್ತದೋ ಅಷ್ಟೇ ಮಾಡು. ಇಲ್ಲಾಂದ್ರೆ ಕೆಲ್ಸ ಹೋಗ್ತದೆ."

ಮೆಂಬರ್ ಅವತ್ತು ಏನು ಹೇಳಿ ಹೋದರು ಎಂದು ಅವನಿಗೆ ಗೊತ್ತಾಗಿದ್ದೇ ಆಗ. ತಲೆ ಆಡಿಸಿದ. ಮಾರನೇ ದಿನದಿಂದ ಬೀದಿ ಸುತ್ತುವುದನ್ನು ಬಿಟ್ಟ. ಎದ್ದು ಫೋನ್ ನೋಡುವುದು, ಬೀದಿಯ ಹೆಸರು ಓದುವುದು, ತಿರುಗಿಸುವುದು, ಮನೆಗೆ ಬರುವುದು. ಚಿಕ್ಕಮ್ಮ ಒಂದು ದಿನ, ಇವರು ಈಗ ಊರಿನ ಸುದ್ದಿಯನ್ನೇ ತರುವುದಿಲ್ಲ ಎಂದಳು. ನಾನು ಗಮನ ಕೊಡಲಿಲ್ಲ.

ವಾಯ್ಸ್ ಹಾಕುತ್ತಿದ್ದ ಆ ಮುದುಕಿ ಸತ್ತಿದ್ದು ಒಂದು ಬೆಳಗಿನ ಜಾವ. ನಾನು ಶಿಫ್ಟಿನ ಬಸ್ಸಿಗೆ ಹೊರಟು ನಿಂತಿದ್ದೆ. ಕೆಳಗಿನ ಬೀದಿಯಿಂದ ಅಳು ಕೇಳುತ್ತಿತ್ತು. ಚಿಕ್ಕಪ್ಪನಿಗೆ ಕೇಳಿಸದು, ಚಿಕ್ಕಮ್ಮ ಹೇಳಿ ಕಳಿಸಿದ್ದಳು. ಕೀ ಹಿಡಿದುಕೊಂಡೇ ಬಸ್ ಸ್ಟಾಪಿಗೆ ಬಂದ. ಆ ದಿನ ಬಾಟಿನಲ್ಲಿ ಇದ್ದದ್ದು ಮೇಲಿನ ಬೀದಿ. ಕೆಳಗಿನ ಬೀದಿಯ ಸರದಿ ನಾಡಿದ್ದು.

"ಕೆಳಗಿನ್ ಬೀದಿಗೆ ತಿರುಗಿಸ್ಲಾ?" ಎಂದು ಕೇಳಿದ.

ಹದಿನೆಂಟು ವರ್ಷದಲ್ಲಿ ಅವನು ಆ ಮಾತನ್ನು ಇನ್ನೊಬ್ಬರ ಹತ್ತಿರ ಕೇಳಿದ್ದು ಅದೇ ಮೊದಲು ಇರಬೇಕು. ನಾನು ಅದನ್ನು ಯೋಚಿಸಲಿಲ್ಲ. ಬಸ್ಸಿನ ಲೈಟು ಕಾಣುತ್ತಿತ್ತು. ಅವರು ಮೂರು ಒತ್ತಲಿ, ತಾನೇ ಬದಲಾಗುತ್ತದೆ, ಆಮೇಲೆ ತಿರುಗಿಸು ಎಂದು ಕೂಗಿ ಹೇಳಿ ಬಸ್ ಹತ್ತಿದೆ.

ನಮ್ಮ ಕಡೆ ಸಾವಿನ ಮನೆಯವರು ಏನನ್ನೂ ಕೇಳುವುದಿಲ್ಲ. ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಕಾಫಿ ತಂದುಕೊಡುತ್ತಾರೆ. ಚಟ್ಟಕ್ಕೆ ಬಿದಿರು ಯಾರೋ ತರುತ್ತಾರೆ, ಹೂವು ಯಾರೋ ತರುತ್ತಾರೆ. ಇದು ಬೇಕು ಎಂದು ಆ ಮನೆಯವರ ಬಾಯಲ್ಲಿ ಬರುವುದಿಲ್ಲ, ಬರಿಸಲೂ ಬಾರದು. ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಅಪ್ಪ ಸತ್ತಾಗ ನಮ್ಮ ಮನೆಯಲ್ಲಿ ಯಾರೂ ನೀರು ಕೇಳಿರಲಿಲ್ಲ, ಆದರೂ ಎರಡು ದಿನ ನಲ್ಲಿಯಲ್ಲಿ ನೀರಿತ್ತು. ಗೊತ್ತಿದ್ದೂ ನಾನು ಅಂಥ ಮನೆಯವರು ಫೋನ್ ತೆಗೆದು ವಿಶೇಷ ಎಂದು ಬರೆದು ಮೂರು ಒತ್ತುತ್ತಾರೆ ಎಂದುಕೊಂಡೆ. ಪಕ್ಕದ ಮನೆಯವರೂ ಒತ್ತಲಿಲ್ಲ. ನೀರು ಬಿಡುವವನು ನಮ್ಮವನೇ, ಅವನೇ ಬಿಡುತ್ತಾನೆ ಎಂದು ಇದ್ದರು.

ಕಂಪನಿಯ ಗೇಟಿನಲ್ಲಿ ಫೋನ್ ಇಸಿದುಕೊಂಡು ಲಾಕರಿನಲ್ಲಿಡುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಸೂಪರ್‌ವೈಸರ್ ಹತ್ತಿರ ಹೋಗಿ ಐದು ನಿಮಿಷ ಫೋನ್ ಬೇಕೆಂದು ಕೇಳಿದೆ. ಯಾರಿಗೇನಾಗಿದೆ ಎಂದರು. ಊರಿನಲ್ಲಿ ಒಬ್ಬರು ಹೋಗಿದ್ದಾರೆ ಎಂದೆ. ನಿನಗೆ ಏನಾಗಬೇಕು ಎಂದರು. ಏನೂ ಆಗಬೇಕಿಲ್ಲ ಎಂದೆ. ಹೋಗಿ ಕೆಲಸ ಮಾಡು ಎಂದರು. ಮಾಡಿದೆ.

ಎರಡು ಗಂಟೆಗೆ ಫೋನ್ ಕೈಗೆ ಬಂತು. ಚಿಕ್ಕಮ್ಮನ ಮಿಸ್ ಕಾಲುಗಳಿದ್ದವು. ಬಾಟ್ ತೆರೆದೆ. ಕೆಳಗಿನ ಬೀದಿಯಿಂದ ಒಂದೂ ಮೆಸೇಜ್ ಇರಲಿಲ್ಲ. ಇದ್ದದ್ದೆಲ್ಲ ಚಿಕ್ಕಪ್ಪನ ನಂಬರಿನಿಂದ. ಅವನಿಗೆ ಟೈಪ್ ಮಾಡಲು ಸರಿಯಾಗಿ ಬರುವುದಿಲ್ಲ, ಒಂದೊಂದು ಅಕ್ಷರ ಹುಡುಕಿ ಒತ್ತುತ್ತಾನೆ. ಆರು ಗಂಟೆಗೆ ನೀರು ಎಂದು ಹಾಕಿದ್ದ. ಯಾವ ಬೀದಿ ಎಂದು ಬಾಟು ಕೇಳಿತ್ತು. ಕೆಳಗಿನ ಬೀದಿ ಎಂದಿದ್ದ. ನಾಡಿದ್ದು ಬೆಳಗ್ಗೆ ಎಂದಿತ್ತು. ಆರೂವರೆಗೆ ಮತ್ತೆ ಕೇಳಿದ್ದ. ನಾಡಿದ್ದು ಬೆಳಗ್ಗೆ. ಏಳಕ್ಕೆ ಮತ್ತೆ. ಏಳೂಕಾಲಿಗೆ ವಿಶೇಷ, ಕೆಳಗಿನ ಬೀದಿ ಎಂದು ಹಾಕಿ ಮೂರು ಒತ್ತಿದ್ದ. ಬಾಟು ಹೇಳಿತ್ತು: ನಿಮ್ಮ ನಂಬರ್ ಈ ಬೀದಿಯದ್ದಲ್ಲ.

ಅವನ ನಂಬರು ಡೈರಿ ಬೀದಿಯದ್ದು. ನೀರು ಬಿಡುವವನ ನಂಬರಿಗೆ ಆ ಕಟ್ಟು ಬೇಡ ಎಂದು ಒಂದು ಸಾಲು ಬರೆಯಬೇಕಾಗಿತ್ತು. ಬರೆದಿರಲಿಲ್ಲ. ಅವನು ನಾಲ್ಕು ಸಲ ಮೂರು ಒತ್ತಿದ್ದ. ನಾಲ್ಕು ಸಲವೂ ಬಾಟು ಅದೇ ಹೇಳಿತ್ತು. ಬಸ್ಸಿನಲ್ಲಿ ಕೂತು ಅದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಊರು ಬರುವ ತನಕ ಮಾಡುವುದಕ್ಕೆ ಬೇರೆ ಏನೂ ಇರಲಿಲ್ಲ.

ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಮಣ್ಣಿಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಹೋಗುವ ಹಾಗಿಲ್ಲ. ಕೆಳಗಿನ ಬೀದಿಯ ಉದ್ದಕ್ಕೂ ಜನ ಮನೆಗಳ ಹೊರಗೆ ಕೂತಿದ್ದರು. ಮುದುಕಿಯ ಹೆಣ್ಣುಮಕ್ಕಳನ್ನು ಆವನಿಯ ಕಡೆ ಕೊಟ್ಟಿದ್ದರು. ಅವರು, ಅವರ ಮಕ್ಕಳು, ಬೀಗರು, ಎಲ್ಲರೂ ಬಿಸಿಲಿನಲ್ಲಿ ಕಲ್ಲುಚಪ್ಪಡಿಯ ಮೇಲೆ. ಒಂದು ಕೂಸು ಹಾಲಿಗೆ ಅಳುತ್ತಿತ್ತು, ತಾಯಿ ಮುಟ್ಟುವ ಹಾಗಿರಲಿಲ್ಲ. ಹೆಣ ತೊಳೆಯುವುದಕ್ಕೇ ಇದ್ದ ಡ್ರಮ್ಮು ಖಾಲಿಯಾಗಿತ್ತು.

ನಡೆದದ್ದು ಚಿಕ್ಕಮ್ಮ ಹೇಳಿದಳು. ಚಿಕ್ಕಪ್ಪ ಏಳೂವರೆಯ ತನಕ ವಾಲ್ವಿನ ಹತ್ತಿರ ಫೋನ್ ಹಿಡಿದು ನಿಂತಿದ್ದನಂತೆ. ಆಮೇಲೆ ಬಾಟು ಹೇಳಿದ ಹಾಗೆ ಮೇಲಿನ ಬೀದಿಗೆ ತಿರುಗಿಸಿದ. ಸಂಪುಗಳಿಗೆಲ್ಲ ನೀರು ಹೋಗಿ ಒಂಬತ್ತಕ್ಕೆ ಟ್ಯಾಂಕ್ ಬರಿದಾಯಿತು. ಹನ್ನೊಂದಕ್ಕೆ ಚಟ್ಟ ಹೊರಟಾಗ ಅವನಿಗೆ ತಡೆಯಲಾಗಲಿಲ್ಲ, ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಓಡಿಹೋಗಿ ಕೆಳಗಿನ ಬೀದಿಯ ವಾಲ್ವ್ ತಿರುಗಿಸಿದ. ನಲ್ಲಿಗಳಲ್ಲಿ ಗಾಳಿ ಬಂತು. ಮೋಟರಿಗೆ ಕರೆಂಟು ನಾಲ್ಕು ಗಂಟೆಯ ತನಕ ಇಲ್ಲ.

ನಾನು ನೋಡಿದಾಗ ಡೈರಿಯ ತೊಟ್ಟಿಯಿಂದ ಬಿಂದಿಗೆಯಲ್ಲಿ ಹೊತ್ತು ತರುತ್ತಿದ್ದ. ಎಷ್ಟು ಜನಕ್ಕೆ ಆಗುತ್ತದೆ ಅದು? ಮುದುಕಿಯ ಮಗ ತಲೆ ಬೋಳಿಸಿಕೊಂಡು ಮಣ್ಣಾದ ಪಂಚೆಯಲ್ಲಿ ಕೂತಿದ್ದ. ಚಿಕ್ಕಪ್ಪ ಅವನ ಮುಂದೆ ಬಿಂದಿಗೆ ಇಳಿಸಿದ. ಮಗ ಅದನ್ನು ಮುಟ್ಟಲಿಲ್ಲ. ಜೋರಾಗಿಯೂ ಮಾತಾಡಲಿಲ್ಲ.

"ನಿಂಗೆ ಯಾರಾನ ಬಂದ್ ಹೇಳ್ಬೇಕಾಗಿತ್ತಾ ಮಾವ?"

ಚಿಕ್ಕಪ್ಪನಿಗೆ ಕೇಳಿಸಲಿಲ್ಲ. ಬಾಯಿ ಆಡಿದ್ದು ಕಂಡಿತ್ತು. ನನ್ನ ಕಡೆ ತಿರುಗಿ ಏನಂತೆ ಎಂದು ಕೈ ಮಾಡಿದ. ಬೀದಿ ಪೂರ್ತಿ ನೋಡುತ್ತಿತ್ತು. ನಾನು ಹತ್ತಿರ ಹೋಗಿ ಅವನ ಕಿವಿಯಲ್ಲಿ ಆ ಮಾತನ್ನೇ ಕೂಗಿದೆ. ಬೇರೆ ಏನಾದರೂ ಹೇಳಬಹುದಾಗಿತ್ತು. ಹೊಳೆಯಲಿಲ್ಲ. ಅವನು ಎರಡು ಕೈಯನ್ನೂ ಪಂಚೆಗೆ ಒರೆಸಿಕೊಂಡು ಪಕ್ಕದಲ್ಲಿದ್ದ ಇನ್ನೊಂದು ಖಾಲಿ ಬಿಂದಿಗೆ ತೆಗೆದುಕೊಂಡು ಮತ್ತೆ ಡೈರಿಯ ಕಡೆ ನಡೆದ.

ತಪ್ಪು ನನ್ನದು, ತಿರುಗಿಸಬೇಡ ಎಂದಿದ್ದು ನಾನು, ಬಾಟು ಅವನನ್ನು ಬಿಡಲಿಲ್ಲ ಎಂದು ಮಗನಿಗೆ ಹೇಳಿದೆ. ಅವನು ನನ್ನನ್ನು ಬೈಯಲೂ ಇಲ್ಲ.

"ಬಿಡೋ, ನಿನ್ ಮಿಷಿನ್ಗೆ ಏನ್ ಗೊತ್ತು. ಮಾವಂಗೆ ಗೊತ್ತಿತ್ತಲ್ಲ."

ಮೂರೂವರೆಗೆ ಯಾರದೋ ತೋಟದಿಂದ ಟ್ರ್ಯಾಕ್ಟರಿನಲ್ಲಿ ನೀರು ಬಂತು. ಆ ಹೊತ್ತಿಗೆ ಆವನಿಯ ಕಡೆಯವರು ಸ್ನಾನ ಮಾಡದೆ, ಒಳಗೂ ಹೋಗದೆ, ಹೊರಗಿನಿಂದಲೇ ಬಸ್ಸಿಗೆ ಹೊರಟಿದ್ದರು. ಸತ್ತ ಮನೆಯಿಂದ ಹಾಗೆ ಹೋಗಬಾರದು. ತಾಯಿಯ ಮನೆಯ ಬಾಗಿಲಿನಿಂದ ಹೀಗೆ ಹೋದೆವು ಎಂದು ಹೆಣ್ಣುಮಕ್ಕಳು ದಾರಿಯುದ್ದಕ್ಕೂ ಅತ್ತರಂತೆ.

ಕೀ ವಿಷಯ ಪಂಚಾಯಿತಿ ಮೀಟಿಂಗಿಗೆ ಬರುತ್ತದೆ ಎಂದರು, ಅದಕ್ಕೆ ಇನ್ನೂ ಒಂದು ವಾರ ಇತ್ತು. ಆ ದಿನವೇ ಬಾಟನ್ನು ಬಂದ್ ಮಾಡಿದೆ. ಚಿಕ್ಕಪ್ಪನಿಗೆ ಮೊದಲಿನ ಹಾಗೆ ನಿನ್ನ ತಲೆಗೆ ಬಂದಂತೆ ಬಿಡು ಎಂದೆ. ಅವನು ಮತ್ತೆ ಬೆಳಗ್ಗೆ ಎದ್ದು ಬೀದಿ ಸುತ್ತಲು ಶುರು ಮಾಡಿದ. ಕೆಳಗಿನ ಬೀದಿಗೆ ಎರಡು ದಿನ ಬಿಟ್ಟ. ಒಂದು ವಾರ ಹೀಗೇ ನಡೆದರೆ ಜನ ಮರೆಯುತ್ತಾರೆ ಎಂದುಕೊಂಡೆ.

ಆದರೆ ಜನಕ್ಕೆ ಬಾಟು ಅಭ್ಯಾಸವಾಗಿಬಿಟ್ಟಿತ್ತು. ಮೆಸೇಜ್ ಹಾಕಿದರು, ಉತ್ತರ ಇಲ್ಲ. ಅವನಿಗೆ ಫೋನ್ ಮಾಡಿದರು, ಎಲ್ಲರಿಗೂ ಆಯ್ತು ಆಯ್ತು ಎಂದ. ಮೊದಲಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದರು. ಈಗ ಟೈಮಿಗೆ ಸರಿಯಾಗಿ ಹೇಳುವ ಬಾಟನ್ನು ನೋಡಿದ್ದಾರೆ, ಸುಮ್ಮನಾಗಲಿಲ್ಲ. ನಾಲ್ಕೇ ದಿನಕ್ಕೆ ಮೆಂಬರ್ ಮನೆಯ ಮುಂದೆ ಮೂರು ಬೀದಿಯವರು ನಿಂತರು. ಕೆಳಗಿನ ಬೀದಿಯವರು ಬರಲಿಲ್ಲ. ಚಿಕ್ಕಪ್ಪನ ಪರವಾಗಿ ಮಾತಾಡುವುದಕ್ಕೂ ಬರಲಿಲ್ಲ.

ನಾನು ರಜ ಹಾಕಿ ಮೆಂಬರ್ ಹತ್ತಿರ ಹೋದೆ. ಫೋನ್ ತೆಗೆದು ತೋರಿಸಿದೆ. ನೋಡಿ, ಇಲ್ಲಿ ಅವನು ಮೂರು ಒತ್ತಿದ್ದಾನೆ, ಇಲ್ಲಿ ಬಾಟು ಬೇಡ ಎಂದಿದೆ, ಆ ಸಾಲು ನಾನು ಬರೆದಿದ್ದು, ಬಂದ್ ಮಾಡಿದ್ದೂ ನಾನು ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಫೋನ್ ವಾಪಸ್ ಕೊಟ್ಟರು.

"ನೀನ್ ಒಳ್ಳೆ ಹುಡ್ಗ ಕಣೋ. ಚಿಕ್ಕಪ್ಪನ್ ಉಳಿಸ್ಕೊಳಕ್ಕೆ ಹೇಳ್ತಿದೀಯ, ನಂಗರ್ಥ ಆಗ್ತದೆ. ಆದ್ರೆ ನೋಡು, ಬಾಟ್ ಇದ್ದಾಗ ಒಂದ್ ತಪ್ಪಾಯ್ತು. ಇಲ್ದಿದ್ದಾಗ ದಿನಕ್ಕೊಂದ್ ತಪ್ಪು."

ಫೋನ್ ಜೇಬಿಗೆ ಹಾಕಿಕೊಂಡು ಬಂದೆ. ಬಾಟ್ ಇದ್ದರೆ ವಾಲ್ವ್ ಯಾರು ಬೇಕಾದರೂ ತಿರುಗಿಸುತ್ತಾರೆ, ಚಿಕ್ಕಪ್ಪನೇ ಬೇಕಿಲ್ಲ. ಬಾಟ್ ಇಲ್ಲದಿದ್ದರೆ ಅವನಿಂದ ಆಗುವುದಿಲ್ಲ. ನಾನು ಬಾಟನ್ನೇ ಮಾಡದೆ ಇದ್ದಿದ್ದರೆ ಇನ್ನೊಂದು ವರ್ಷ ಹಾಗೂ ಹೀಗೂ ನಡೆಯುತ್ತಿತ್ತೋ, ಅಥವಾ ಮೊದಲ ತಿಂಗಳೇ ಕೀ ಹೋಗುತ್ತಿತ್ತೋ, ಯಾರಿಗೆ ಗೊತ್ತು.

ಮೀಟಿಂಗಿನಲ್ಲಿ ಹೆಚ್ಚು ಹೊತ್ತು ಆಗಲಿಲ್ಲ. ಸ್ಕೂಲ್ ಬೀದಿಯ ಒಬ್ಬ ಹುಡುಗನಿಗೆ ಕೆಲಸ ಕೊಟ್ಟರು. ಐಟಿಐ ಮಾಡಿದವನು, ಕಿವಿ ಕೇಳುತ್ತದೆ. ಚಿಕ್ಕಪ್ಪ ಕೀ ಕೊಟ್ಟು ಬಂದ. ಮೆಂಬರ್ ನನಗೆ ಫೋನ್ ಮಾಡಿ ಸಂಜೆಯೊಳಗೆ ಬಾಟ್ ಆನ್ ಮಾಡು ಎಂದರು. ಮಾಡುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಕೀ ವಾಪಸ್ ಬರುತ್ತದೆಯೇ? ಊರಿಗೆ ನೀರು ಬೇಕು. ಮಾಡುತ್ತೇನೆ ಎಂದೆ.

ಆನ್ ಮಾಡುವ ಮೊದಲು ಆ ತಪ್ಪು ಸರಿಮಾಡಿದೆ. ನೀರು ಬಿಡುವವನ ನಂಬರಿನಿಂದ ಬಂದರೆ ಯಾವ ಬೀದಿಯ ಸರದಿಯನ್ನಾದರೂ ಬದಲಾಯಿಸು ಎಂದು ಒಂದೇ ಸಾಲು. ಅಲ್ಲಿ ಒಂದು ಫೋನ್ ನಂಬರ್ ಹಾಕಬೇಕು. ಹೊಸಬನ ನಂಬರ್ ಹಾಕಿದೆ. ಚಿಕ್ಕಪ್ಪ ಪಕ್ಕದಲ್ಲೇ ಜಗಲಿಯ ಮೇಲೆ ಕೂತಿದ್ದ. ನಾನು ಏನು ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಯಾವಾಗಲೂ ಮಾತಾಡುವ ಹಾಗೆ ಜೋರಾಗಿ ಹೇಳಿದ.

"ಅವನ್ಗೆ ಹೇಳು. ಡೈರಿ ಬೀದಿ ವಾಲ್ವ್ ಒಂದು ಉಲ್ಟಾ ಐತೆ. ಎಡಕ್ಕೆ ತಿರುಗಿಸ್ಬೇಕು. ಬಾಕಿದೆಲ್ಲ ಬಲಕ್ಕೆ."

ಸ್ಕ್ರಿಪ್ಟಿನಲ್ಲಿ ಅದನ್ನು ಎಲ್ಲಿ ಹಾಕುವುದು ಎಂದು ನೋಡಿದೆ. ಜಾಗ ಇರಲಿಲ್ಲ. ಹೊಸಬನಿಗೆ ಬೇರೆ ಮೆಸೇಜ್ ಮಾಡಿದೆ. ಅವನು ಸರಿ ಎಂದು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದ.

ಡೈರಿ ಬೀದಿಯ ಸರದಿ ಬಂದ ದಿನ ಅವನು ಬಲಕ್ಕೇ ತಿರುಗಿಸಿ ಹೋದ. ಬೆಳಗ್ಗೆ ಒಂಬತ್ತಾದರೂ ನಮ್ಮ ಬೀದಿಗೆ ನೀರಿಲ್ಲ. ಚಿಕ್ಕಪ್ಪ ನಲ್ಲಿಯ ಮುಂದೆ ಬಂದು ನೋಡಿ ಒಳಗೆ ಹೋಗಿ ಮಲಗಿದ. ಅವನಿಗೆ ಕಾರಣ ಗೊತ್ತಿತ್ತು, ಆದರೆ ಕೀ ಅವನ ಹತ್ತಿರ ಇರಲಿಲ್ಲ. ನನಗೆ ವಾರದ ರಜ. ಚಿಕ್ಕಮ್ಮ ಪಕ್ಕದ ಮನೆಯ ಹುಡುಗಿಯ ಹತ್ತಿರ ಕೇಳಿ ಕಲಿತು ಬಾಟಿಗೆ ಮೊದಲ ಸಲ ಮೆಸೇಜ್ ಹಾಕಿದಳು. ಡೈರಿ ಬೀದಿಗೆ ನೀರು ಯಾವಾಗ ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ. ಉತ್ತರ ಕೂಡಲೇ ಬಂತು.

ಇವತ್ತು ಬೆಳಗ್ಗೆ ಬಿಟ್ಟಾಗಿದೆ ಎಂದಿತು.